ಮೇಸ್ತ್ರಿಗೆ ಕೇಳದ ಸದ್ದು

ಅವಳ ತಲೆಗೂದಲು ನರೆಯುವ ಮೊದಲೇ ಬಿಳಿಯಾಗಿತ್ತು. ಫೋಮ್ ಕೊಯ್ಯುವಾಗ ಏಳುವ ಪುಡಿ ಅದು. ಎಷ್ಟು ಕೊಡವಿದರೂ ಹೋಗದು. ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ, ಬಟ್ಟೆಯ ಮಡಿಕೆಯಲ್ಲಿ ಕೂತುಬಿಡುತ್ತಿತ್ತು. ಮನೆಗೆ ಬಂದು ಕುರ್ಚಿಯಲ್ಲಿ ಕೂತು ಎದ್ದರೆ ಸುತ್ತ ಹಿಟ್ಟು ಚೆಲ್ಲಿದ ಹಾಗೆ ಇರುತ್ತಿತ್ತು. ಅದಕ್ಕೇ ದೋಣಿ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಫೋಮಕ್ಕ ಅನ್ನುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಹಿಡಿದು ಕರೆಯುವವರು ಅವಳ ತಾಯಿ ಒಬ್ಬಳೇ ಉಳಿದಿದ್ದಳು.

ಶೆಡ್ಡು ಇದ್ದದ್ದು ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ, ಐಸ್ ಫ್ಯಾಕ್ಟರಿಗೂ ಲಾರಿ ನಿಲ್ಲುವ ಬಯಲಿಗೂ ನಡುವೆ. ಮೇಲೆ ತಗಡು, ಕೆಳಗೆ ಸಿಮೆಂಟು. ಒಳಗೆ ಕಾಲಿಟ್ಟರೆ ರೆಸಿನ್ ಅನ್ನುವ ಅಂಟುದ್ರವದ ವಾಸನೆ ಮೂಗನ್ನು ಬಿಟ್ಟು ನೇರ ಹಣೆಗೇ ಹೊಡೆಯುತ್ತಿತ್ತು. ಅಲ್ಲಿ ಮಾಡುತ್ತಿದ್ದದ್ದು ಕಯಾಕ್. ಒಬ್ಬರೇ ಕಾಲು ನೀಡಿಕೊಂಡು ಕೂತು, ಎರಡೂ ತುದಿಗೆ ಎಲೆ ಇರುವ ಹುಟ್ಟು ಹಾಕಿ ನಡೆಸುವ, ಮೀನಿನಂಥ ಸಪೂರ ದೋಣಿ. ಶೆಡ್ಡಿನ ಯಜಮಾನ ಫೋಮಕ್ಕನ ಭಾವ, ಗಂಡನ ಅಣ್ಣ. ಗಂಡ ಅಲ್ಲಿ ಮೇಸ್ತ್ರಿ. ಭಾವನ ಹೆಂಡತಿ, ಅಂದರೆ ಫೋಮಕ್ಕನ ಓರಗಿತ್ತಿ, ಮುಂದಿನ ಕೋಣೆಯಲ್ಲಿ ಗಿರಾಕಿಗಳನ್ನು ಮಾತಾಡಿಸಿಕೊಂಡು, ಹೊತ್ತು ಹೊತ್ತಿಗೆ ಎಲ್ಲರಿಗೂ ಚಹಾ ಕಾಯಿಸಿ ತರುತ್ತಿದ್ದಳು. ಮನೆಯವರಲ್ಲದವನು ಅಂದರೆ ಬಣ್ಣದವನು ಒಬ್ಬನೇ. ಅವನ ಬಾಯಿಗೆ ಮಾತ್ರ ಬಣ್ಣ ಬಳಿಯುವವರು ಯಾರೂ ಇರಲಿಲ್ಲ, ಮನಸ್ಸಿಗೆ ಬಂದದ್ದು ಹಾಗೇ ಹೊರಗೆ ಬರುತ್ತಿತ್ತು.

ಮೊದಮೊದಲು ಅವರು ಮಾಡುತ್ತಿದ್ದ ದೋಣಿಗಳು ಗಟ್ಟಿಮುಟ್ಟು, ಆದರೆ ಹೆಣಭಾರ. ಗಾಜಿನ ನೂಲಿನ ಬಟ್ಟೆಯನ್ನು ಅಚ್ಚಿನೊಳಗೆ ಪದರದ ಮೇಲೆ ಪದರ ಹಾಸಿ ರೆಸಿನ್ ಕುಡಿಸುವುದು, ಒಣಗಿದ ಮೇಲೆ ಬಿಡಿಸುವುದು. ಇಬ್ಬರು ಗಂಡಸರು ಹೆಗಲು ಕೊಟ್ಟರೇ ಅದು ನೀರು ಕಾಣುತ್ತಿದ್ದದ್ದು. ಆಮೇಲೆ ಭಾವ ಎಲ್ಲೋ ನೋಡಿಕೊಂಡು ಬಂದು ಹೊಸ ತರಹದ್ದು ಶುರುಮಾಡಿದ. ಬಟ್ಟೆ ತೆಳ್ಳಗೆ ಒಂದು ಪದರ, ಅದರ ಮೇಲೆ ಬೆರಳು ದಪ್ಪಕ್ಕೂ ಕಡಿಮೆ ಇರುವ ಫೋಮ್ ಹಾಳೆ, ಅದರ ಮೇಲೆ ಮತ್ತೊಂದು ತೆಳು ಪದರ. ಹೊರಗಿನ ಚರ್ಮ, ಒಳಗಿನ ಚರ್ಮ, ನಡುವೆ ಫೋಮ್. ಎರಡೂ ಚರ್ಮ ಫೋಮನ್ನು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಆ ದೋಣಿ ಹಳೆಯದಕ್ಕಿಂತ ಗಟ್ಟಿ, ಹೆಂಗಸೊಬ್ಬಳು ಹೆಗಲ ಮೇಲೆ ಹೊತ್ತುಕೊಂಡು ಹೋಗುವಷ್ಟು ಹಗುರ. ಕಚ್ಚಿಕೊಳ್ಳದೆ ಇದ್ದರೆ ಅದು ದೋಣಿಯೇ ಅಲ್ಲ. ಎರಡು ತೆಳು ಸಿಪ್ಪೆ, ಅಷ್ಟೆ.

ಕಚ್ಚಿಸುವುದು ಹೇಗೆ? ಹಾಸಿದ್ದರ ಮೇಲೆ ದೊಡ್ಡ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಜಿಗುಟು ಅಂಟು ಒತ್ತಿ, ಪಂಪಿನಿಂದ ಒಳಗಿನ ಗಾಳಿ ಎಳೆಯುತ್ತಾರೆ. ಹಲ್ಲಿಲ್ಲದ ಮುದುಕರ ಕೆನ್ನೆ ಹಾಗೆ ಪ್ಲಾಸ್ಟಿಕ್ ಒಳಕ್ಕೆ ಸೇದಿಕೊಂಡು ಎಲ್ಲವನ್ನೂ ಅಚ್ಚಿಗೆ ಅವುಚುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತದೆ. ಹೊರಗಿನ ಮೀಟರಿನ ಮುಳ್ಳು ಕದಲುವುದೂ ಇಲ್ಲ, ಯಾಕೆಂದರೆ ಪಂಪಿಗೆ ಅಷ್ಟು ಶಕ್ತಿ. ಒಳಗೆ ಮಾತ್ರ ಆ ಗಾಳಿ ಹೋದ ದಾರಿಯುದ್ದಕ್ಕೂ ರೆಸಿನ್ ಹತ್ತದೆ ಫೋಮ್ ಒಣಗಿಯೇ ಉಳಿಯುತ್ತದೆ. ಅದನ್ನು ಹಿಡಿಯುವುದು ಕಿವಿ. ಸಂದಿನಿಂದ ಸುಂಯ್ ಅಂತ ಸಣ್ಣ ಸದ್ದು ಬರುತ್ತದೆ, ನಿದ್ದೆಯಲ್ಲಿರುವ ಮಗುವಿನ ಮೂಗಿನ ಸದ್ದಿಗಿಂತ ಸಣ್ಣದು. ಮೇಸ್ತ್ರಿ ಅಂಚಿಗೆ ಕಿವಿ ಹಚ್ಚಿ, ಅಚ್ಚಿನ ಸುತ್ತ ಬಗ್ಗಿ ಬಗ್ಗಿ ನಡೆದು, "ಇಲ್ಲಿ!" ಅಂತ ಬೆರಳಿಟ್ಟರೆ ಸಂದು ಅಲ್ಲೇ ಇರುತ್ತಿತ್ತು.

"ನನ್ನ ಕಿವಿಗೆ ವಿಮೆ ಮಾಡಿಸ್ಬೇಕು ಕಣೋ," ಅನ್ನುತ್ತಿದ್ದ ಬಣ್ಣದವನಿಗೆ.

"ಮಾಡ್ಸು ಮೇಸ್ತ್ರಿ. ಆದ್ರೆ ನಾನು ಸಾಲ ಕೇಳ್ದಾಗ ಮಾತ್ರ ಕೇಳ್ಸಲ್ವಲ್ಲ, ಅದಕ್ಕೇನ್ ಮಾಡ್ತೀಯ?"

ಎಲ್ಲರೂ ನಗುತ್ತಿದ್ದರು. ಫೋಮಕ್ಕನೂ ನಗುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳ ಗಂಡನಿಗೆ ತನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಶೆಡ್ಡು ಅಣ್ಣನದು, ಮನೆ ಅಣ್ಣನ ಮನೆಯ ಹಿಂಭಾಗ, ಓದು ತಲೆಗೆ ಹತ್ತಿರಲಿಲ್ಲ. ಕಿವಿ ಮಾತ್ರ ಅವನದು.

ಆದರೆ ಆ ಕಿವಿಯ ಪಕ್ಕದಲ್ಲೇ ವರ್ಷಗಟ್ಟಲೆ ಉಜ್ಜುವ ಯಂತ್ರ ಕಿರುಚಿತ್ತು. ಒಣಗಿದ ದೋಣಿಯ ಅಂಚು ತೀಡುವ ಯಂತ್ರ ಅದು. ಕಿವಿಗೆ ಹಾಕಿಕೊಳ್ಳಲು ಭಾವ ತಂದುಕೊಟ್ಟ ಮುಚ್ಚಳಗಳನ್ನು ಮೇಸ್ತ್ರಿ ಮೊಳೆಗೆ ನೇತುಹಾಕಿ ಮರೆತಿದ್ದ. "ಅದನ್ನ ಹಾಕ್ಕೊಂಡ್ರೆ ಕೆಲಸದ ಸದ್ದು ಗೊತ್ತಾಗಲ್ಲ," ಅನ್ನುತ್ತಿದ್ದ.

ಒಂದು ವರ್ಷ ಅವನು ಬಹಳ ಹುರುಪಿನಲ್ಲಿದ್ದ. "ಈಗೀಗ ನನ್ನ ಕೈ ಎಷ್ಟು ಪಳಗಿದೆ ನೋಡೇ. ಒಂದ್ ಹಾಳೆನೂ ಸೋರಲ್ಲ. ಒತ್ತಿದ್ರೆ ಒತ್ತಿದ್ದೇ," ಅಂತ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಫೋಮಕ್ಕನಿಗೂ ಹೆಮ್ಮೆ. ಅವಳ ಕೆಲಸ ಫೋಮನ್ನು ಅಚ್ಚಿನ ಬಾಗಿಗೆ ತಕ್ಕಂತೆ ಕೊಯ್ದು, ತುಂಡು ತುಂಡಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುವುದು. ಹಾಳೆ ಹೊದಿಸುವ ಹೊತ್ತಿಗೆ ಅವಳು ಮಗಳಿಗೆ ಊಟ ಹಾಕಲು ಮನೆಗೆ ಹೋಗಿರುತ್ತಿದ್ದಳು. ಸೋರುವುದಿಲ್ಲ ಅಂದರೆ ಸೋರುವುದಿಲ್ಲ, ಅವಳಿಗೇನು ಗೊತ್ತು.

ಆ ವರ್ಷ ಮಾಡಿದ ದೋಣಿಗಳಲ್ಲಿ ಒಂದು ಭಾವನ ಮಗನದು.

ಅವನು ಒಬ್ಬನೇ ಮಗ. ಎತ್ತರದ ಹುಡುಗ, ನಗು ಜಾಸ್ತಿ. ಚಿಕ್ಕಮ್ಮ ಚಿಕ್ಕಮ್ಮ ಅಂತ ಫೋಮಕ್ಕನ ಹಿಂದೆ ಸುತ್ತಿ, ಅವಳ ತಲೆಯ ಪುಡಿ ಊದಿ, "ಚಿಕ್ಕಮ್ಮಂಗೆ ವಯಸ್ಸಾಯ್ತು" ಅಂತ ಕೂಗಿ ಓಡುತ್ತಿದ್ದವನು. ಒಂದು ಬೆಳಿಗ್ಗೆ ಅಳಿವೆಯ ಅಲೆಗೆ ಹೋದ. ದೋಣಿ ಕೂರುವ ಜಾಗದ ಹಿಂದೆಯೇ ಮುರಿಯಿತು. ಮುಂದಿನ ಅರ್ಧ ಅವತ್ತೇ ದಡಕ್ಕೆ ಬಂತು, ಅವನು ಮರುದಿನ ಬಂದ.

ಜನ ತಮಗೆ ತಿಳಿದದ್ದು ಹೇಳಿದರು. ದೊಡ್ಡ ಅಲೆ ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ, ಬಂಡೆಯ ಕಡೆಗೆ ಹೋಗಬೇಡ ಅಂದರೆ ಅಲ್ಲಿಗೇ ಹೋಗುವವನು, ಮೈಮೇಲೆ ಎಚ್ಚರ ಇರಲಿಲ್ಲ. ತಂದೆಯೂ ಅದನ್ನೇ ನಂಬಿದ. ತಾಯಿ ಅದನ್ನೇ ಹಿಡಿದುಕೊಂಡಳು. ದುಃಖಕ್ಕೆ ಒಂದು ಗೂಟ ಬೇಕಲ್ಲ, ಅವಳಿಗೆ ಸಿಕ್ಕಿದ ಗೂಟ ಮಗನ ಮೇಲಿನ ಸಿಟ್ಟು. "ಅವನೇ ಮಾಡ್ಕೊಂಡ. ಯಾರು ಏನ್ ಮಾಡೋಕಾಗುತ್ತೆ," ಅನ್ನುತ್ತಿದ್ದಳು ಬಂದವರಿಗೆಲ್ಲ. ಅವನ ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನ ಹಿಂದೆ ಇಟ್ಟಳು.

ಮುರಿದ ಅರ್ಧವನ್ನು ಯಾರೋ ತಂದು ಶೆಡ್ಡಿನ ಹಿಂದೆ ಹಾಕಿದ್ದರು. ಯಾರಿಗೂ ಅದರ ಮುಖ ನೋಡುವ ಮನಸ್ಸಿರಲಿಲ್ಲ. ಫೋಮಕ್ಕ ನೋಡಿದಳು. ಕಸ ಚೆಲ್ಲಲು ಹೋದವಳು ಬಗ್ಗಿ ನೋಡಿದಳು. ಮೂತಿಯ ಮೇಲೆ ಒಂದು ಗೀರು ಇರಲಿಲ್ಲ. ಬಂಡೆಗೆ ಬಡಿದ ದೋಣಿಯ ಮೂತಿ ಹಾಗಿರುತ್ತದೆಯೇ? ಮುರಿದ ಕಡೆಯಲ್ಲಿ ಒಳಚರ್ಮ ಕಾದ ಹಾಲಿನ ಕೆನೆ ಹಾಗೆ ಎದ್ದು ಬಂದಿತ್ತು. ಸರಿಯಾಗಿ ಕಚ್ಚಿಕೊಂಡ ಚರ್ಮ ಕಿತ್ತರೆ ಫೋಮಿನ ಮಾಂಸವನ್ನೂ ಕಿತ್ತುಕೊಂಡೇ ಬರಬೇಕು. ಇಲ್ಲಿ ಕೆಳಗಿನ ಫೋಮ್ ಅವಳು ಕೊಯ್ದ ದಿನ ಇದ್ದ ಹಾಗೇ ಇತ್ತು, ಬೆಳ್ಳಗೆ, ಒಣಗಿ. ಅವಳು ಹಾಕಿದ ಪೆನ್ಸಿಲ್ ಗುರುತು ಕೂಡ ಅಳಿಸಿರಲಿಲ್ಲ.

ಅವಳು ಆ ಅರ್ಧವನ್ನು ಬೋರಲು ಮಾಡಿದಳು. ಮರುದಿನ ಭಾವನ ಮನೆಯಲ್ಲಿ ಎಲ್ಲರೂ ಕೂತು ಅಳುತ್ತಿರುವಾಗ ಅದನ್ನು ಗರಗಸದಲ್ಲಿ ತುಂಡು ಮಾಡಿ, ಚೂರುಪಾರಿನ ಚೀಲಗಳಿಗೆ ತುಂಬಿ, ಕಸದ ಲಾರಿಗೆ ಹಾಕಿಸಿಬಿಟ್ಟಳು. "ಅಕ್ಕನ ಕಣ್ಣಿಗೆ ಬೀಳೋದು ಬೇಡ ಅಂತ," ಅಂದಳು. ಎಷ್ಟು ತಿಳುವಳಿಕೆಯವಳು ಅಂತ ಎಲ್ಲರೂ ಹೊಗಳಿದರು.

ಅದಾದ ಕೆಲವು ದಿನಕ್ಕೆ ಮನೆಯಲ್ಲಿ ಚಹಾಕ್ಕೆ ಕೆಟಲ್ ಇಟ್ಟು ಬಟ್ಟೆ ಒಣಹಾಕುತ್ತಿದ್ದಳು. ಕೆಟಲ್ ಸಿಳ್ಳೆ ಹೊಡೆಯತೊಡಗಿತು. ನಿಲ್ಲಲೇ ಇಲ್ಲ. ಪಕ್ಕದ ಮನೆಯವಳು ಗೋಡೆ ಗುದ್ದಿ, "ಸತ್ತಿದೀರೇನ್ರೀ ಎಲ್ಲಾರೂ?" ಅಂತ ಕೂಗಿದಳು. ಫೋಮಕ್ಕ ಒಳಗೆ ಓಡಿ ಬಂದರೆ ಮೇಸ್ತ್ರಿ ಸ್ಟೌ ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಿದ್ದ.

"ಚಹಾ ಇನ್ನೂ ಆಗ್ಲಿಲ್ವೇನೇ?" ಅಂದ.

ಅವಳು ಕೆಟಲ್ ಇಳಿಸಿದಳು. ದಪ್ಪ ಮಾತು ಅವನಿಗೆ ಕೇಳುತ್ತಿತ್ತು, ಬಾಗಿಲು ಬಡಿದರೆ ಕೇಳುತ್ತಿತ್ತು, ಪಂಪಿನ ಗುಡುಗುಡು ಕೇಳುತ್ತಿತ್ತು. ಸಣ್ಣದು, ಚೂಪಾದದ್ದು ಯಾವುದೂ ಇಲ್ಲ. ಮಗಳದು ತೆಳು ಧ್ವನಿ. "ಗೊಣಗಬೇಡ, ಬಾಯ್ಬಿಟ್ಟು ಮಾತಾಡು," ಅಂತ ಅವನು ಅವಳನ್ನು ಗದರುತ್ತಾ ಬಂದದ್ದು ಯಾವಾಗಿನಿಂದ? ಹಾಳೆಗಳು ಸೋರುವುದು ನಿಂತಿರಲಿಲ್ಲ. ಅವನಿಗೆ ಕೇಳುವುದು ನಿಂತಿತ್ತು. ಕೈ ಪಳಗಿತು ಅಂದುಕೊಂಡು ಅವನು ಖುಷಿಪಟ್ಟಿದ್ದ.

ಹೇಳಿದರೆ? ಹೇಳಿದರೆ ಅದರ ಹಿಂದೆಯೇ ಹುಡುಗನ ದೋಣಿಯ ಮಾತು ಬರುತ್ತದೆ. ಗಂಡನ ಕೈಯಿಂದ ಭಾವನ ಮಗ ಹೋದ ಅಂತಾಗುತ್ತದೆ. ಫೋಮಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಆವತ್ತಿನಿಂದ ಅವಳೇ ಅವನ ಕಿವಿಯಾದಳು, ಅವನಿಗೆ ಗೊತ್ತಿಲ್ಲದ ಹಾಗೆ. ಹಾಳೆ ಹೊದಿಸುವ ಹೊತ್ತಿಗೆ ಮನೆಗೆ ಹೋಗುವುದು ಬಿಟ್ಟಳು. ಪೊರಕೆ ಹಿಡಿದು ಚೂರು ಗುಡಿಸುವ ನೆಪದಲ್ಲಿ ಅಚ್ಚಿನ ಸುತ್ತ ಮೊದಲೇ ಒಂದು ಸುತ್ತು ಬರುವಳು, ಮೈಯೆಲ್ಲ ಕಿವಿಯಾಗಿ. ಅಂಗೈಯಲ್ಲಿ ಅಂಟಿನ ಉಂಡೆ. ಸುಂಯ್ ಅಂದ ಕಡೆ ಹೆಬ್ಬೆರಳು ಒತ್ತಿ ಮುಂದೆ ಹೋಗುವಳು. ಆಮೇಲೆ ಮೇಸ್ತ್ರಿ ಕಿವಿ ಹಚ್ಚಿ ಸುತ್ತಿ, "ನೋಡು, ಒಂದೂ ಇಲ್ಲ," ಅನ್ನುವನು.

"ಮೀನು ಕುಯ್ಯೋವಾಗ ಬೆಕ್ಕು ಸುತ್ತೋ ಹಂಗೆ ಸುತ್ತುತೀಯಲ್ಲೇ," ಅಂತ ರೇಗಿಸುವನು.

"ನೀವು ಕುಯ್ಯೋ ಅಂದವೇ ಹಂಗಿರುತ್ತಲ್ಲ, ನೋಡ್ಬೇಕು ಅನ್ಸುತ್ತೆ," ಅನ್ನುವಳು.

ಮುಗಿದ ದೋಣಿಯನ್ನು ಹೊರಗೆ ಕಳಿಸುವ ಮುಂಚೆ ಮೇಸ್ತ್ರಿ ಒಂದು ನಾಣ್ಯ ಹಿಡಿದು ಮೂತಿಯಿಂದ ಬಾಲದವರೆಗೆ ತಟ್ಟುವುದು ಆ ಶೆಡ್ಡಿನ ಪದ್ಧತಿ. ಕಚ್ಚಿಕೊಂಡ ಕಡೆ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ದಬ್ ಅನ್ನುತ್ತದೆ. ಅವನು ತಟ್ಟುವಾಗಲೂ ಅವಳು ಹತ್ತಿರದಲ್ಲೇ ಏನಾದರೊಂದು ಒರೆಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಹೀಗೆ ಕಾಲ ಸಾಗಿತು. ಆಮೇಲೆ ಮುರಿದು ಬಂದ ದೋಣಿ ಒಂದೂ ಇಲ್ಲ.

ಮಗಳು ದೊಡ್ಡವಳಾದಳು. ದೊಡ್ಡಪ್ಪನ ಮಗ ಹೋದ ನೀರಿಗೇ ಇವಳೂ ಇಳಿದಳು, ಬೇಡ ಅಂದಷ್ಟೂ ಇಳಿದಳು. ಅಳಿವೆಯಲ್ಲಿ ಮುಳುಗುವವರನ್ನು ಎತ್ತುವ ತಂಡಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳುತ್ತೇವೆ ಅಂದಾಗ ಮೊದಲು ಹೆಸರು ಕೊಟ್ಟವಳೇ ಅವಳು. ಪರೀಕ್ಷೆ ಏನೆಂದರೆ, ತಂತಮ್ಮ ಕಯಾಕನ್ನು ರಸ್ತೆಯಿಂದ ನೀರಿನವರೆಗೆ ಒಬ್ಬರೇ ಹೊತ್ತುಕೊಂಡು ಹೋಗಿ, ಅಲೆ ಒಡೆಯುವ ಸಾಲು ದಾಟಿ, ತಿರುಗಿ ಬರಬೇಕು. ಹುಡುಗಿ ಸಣಕಲು. ಅವಳಿಗಾಗಿ ಮೇಸ್ತ್ರಿ ಹಿಂದೆಂದೂ ಮಾಡಿರದಷ್ಟು ಹಗುರದ ದೋಣಿ ಮಾಡಲು ಕೂತ. ಫೋಮಕ್ಕ ಫೋಮ್ ಕೊಯ್ದು ಗುರುತು ಹಾಕಿ ಮುಗಿಸಿದಳು. ಅಷ್ಟರಲ್ಲಿ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು ಅಂತ ತಮ್ಮನ ಫೋನ್ ಬಂತು.

"ನಾನು ಬರೋ ತನಕ ಹಾಳೆ ಹಾಕ್ಬೇಡಿ ರೀ," ಅಂತ ಬ್ಯಾಗು ಹಿಡಿದುಕೊಂಡು ಹೇಳಿದಳು.

"ಯಾಕೆ, ನೀನಿಲ್ದೆ ನಾನು ದೋಣಿನೇ ಮಾಡಿಲ್ವಾ?"

"ಹಂಗಲ್ಲ. ಮಗಳ ದೋಣಿ. ನಾನೂ ಇರ್ಬೇಕು ಅನ್ಸುತ್ತೆ."

"ಆಯ್ತು ಹೋಗು ಮಾರಾಯ್ತಿ."

ತಾಯಿ ಏಳಲಿಲ್ಲ. ಹಾಸಿಗೆಯಲ್ಲೇ ಕರಗುತ್ತಾ ಹೋದಳು. ಫೋಮಕ್ಕ ಬಟ್ಟೆ ಬದಲಿಸುತ್ತಾ, ಗಂಜಿ ಕುಡಿಸುತ್ತಾ, ಮನಸ್ಸನ್ನೆಲ್ಲ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದಳು. ತಾಯಿಯನ್ನು ಮಣ್ಣುಮಾಡಿ, ಆಗಬೇಕಾದದ್ದನ್ನೆಲ್ಲ ಮುಗಿಸಿ ಬಸ್ಸು ಹತ್ತುವಾಗ ಮಗಳ ಪರೀಕ್ಷೆಗೆ ಉಳಿದದ್ದು ಒಂದೇ ದಿನ. ಫೋನಿನಲ್ಲಿ ಮಗಳು ಹೇಳಿದ್ದಳು, "ಅಮ್ಮ, ಅಪ್ಪ ಮುಗಿಸೇ ಬಿಟ್ರು. ನಿಂಗೆ ಆಶ್ಚರ್ಯ ಆಗ್ಲಿ ಅಂತ ಹೇಳ್ಬೇಡ ಅಂದಿದ್ರು."

ಬಸ್ಸಿಳಿದು ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದಳು. ಬಿಸಿಲು ತಗಡಿನ ತೂತುಗಳಿಂದ ಕಾಸು ಕಾಸಾಗಿ ನೆಲಕ್ಕೆ ಬಿದ್ದಿತ್ತು. ಕುದುರೆಕಾಲು ಅನ್ನುವ ಎರಡು ಮರದ ಆಸರೆಗಳ ಮೇಲೆ ಮಗಳ ದೋಣಿ, ಹಳದಿ ಬಣ್ಣ, ಇನ್ನೂ ಬಿರಿಯದ ಮೊಗ್ಗಿನ ಹಾಗೆ. ಮೂಲೆಯಲ್ಲಿ ಪಂಪು ಓಡುತ್ತಿತ್ತು, ಸುತ್ತ ಎಲ್ಲರೂ ನಿಂತಿದ್ದರು. ಮಗಳು ಅದನ್ನು ಹೆಗಲಿಗೇರಿಸಿ, ಶೆಡ್ಡಿನ ಉದ್ದಕ್ಕೂ ನಡೆದು, ತಿರುಗಿ, ಇಳಿಸಿದಳು. ಉಸಿರು ಕೂಡ ಏರಲಿಲ್ಲ.

"ಇದು ದೋಣಿಯಲ್ಲ ಮೇಸ್ತ್ರಿ, ಛತ್ರಿ," ಅಂದ ಬಣ್ಣದವನು. "ಮಳೆ ಬಂದ್ರೆ ತಲೆ ಮೇಲೆ ಹಿಡ್ಕೊಬಹುದು."

ಮೇಸ್ತ್ರಿಯ ಮುಖದಲ್ಲಿ ಅಂಥ ಬೆಳಕನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. "ಬಂದ್ಯಾ? ನೋಡೇ, ನೋಡು. ಒಬ್ನೇ ಮಾಡಿದ್ದು. ಯಾರ ಕೈನೂ ಸೋಕ್ಸಿಲ್ಲ."

ಅವಳು ದೋಣಿಯ ಬೆನ್ನು ಸವರಿದಳು. ಸವರುತ್ತಾ ಬೆರಳ ಗಿಣ್ಣಿನಿಂದ ತಟ್ಟಿದಳು, ಯಾರಿಗೂ ಕಾಣದಂತೆ. ಟಣ್. ಟಣ್. ಕೂರುವ ಜಾಗ ದಾಟಿ ಹಿಂದಕ್ಕೆ ಬಂದಾಗ ದಬ್ ಅಂದಿತು. ಪಕ್ಕಕ್ಕೆ ತಟ್ಟಿದಳು. ದಬ್. ಊಟದ ತಟ್ಟೆಯಗಲ ಸತ್ತ ಜಾಗ, ಅಲ್ಲಿಂದ ಅಂಚಿನವರೆಗೆ ಬಾಲದ ಹಾಗೆ ಒಂದು ಪಟ್ಟಿ. ಹುಡುಗನ ದೋಣಿ ಮುರಿದದ್ದೂ ಅಲ್ಲೇ.

ಗಂಡನನ್ನು ಮೂಲೆಗೆ ಕರೆದು, "ಹಾಳೆ ಹಾಕ್ದಾಗ ಸೋರ್ತಿತ್ತೇನ್ರೀ?" ಅಂದಳು.

"ಸದ್ದೇ ಇಲ್ಲ. ಅಂಥ ಹಾಳೆ ಹಾಕೇ ಇಲ್ಲ ನಾನು."

"ಹಿಂದ್ಗಡೆ ಒಂದ್ಸಲ ತಟ್ಟಿ ನೋಡಿ."

"ನಾಕು ಸಲ ತಟ್ಟಿದೀನಿ. ಏನೇ, ನಂಗೇ ಕಿವಿ ಹೇಳ್ಕೊಡ್ತೀಯಾ? ತಾಯಿ ಹೋದ ಸಂಕಟ, ತಲೆ ಸರಿಯಿಲ್ಲ ನಿಂಗೆ. ಹೋಗಿ ಮಲಕ್ಕೋ."

ಮಗಳ ಹತ್ತಿರ ಹೋದಳು. "ನಾಳೆ ಬೇಡ ಕಣೆ. ಅಜ್ಜಿ ಹೋಗಿ ಇನ್ನೂ ತಿಂಗಳು ತುಂಬಿಲ್ಲ."

"ಅಮ್ಮ, ಮತ್ತೆ ಯಾವಾಗ ಕರೀತಾರೋ ಗೊತ್ತಿಲ್ಲ. ಅಜ್ಜಿನೇ ಹೋಗು ಅಂತಿದ್ರು, ಕೇಳು ಬೇಕಾದ್ರೆ."

ಕೇಳಲು ಅಜ್ಜಿ ಎಲ್ಲಿದ್ದಾಳೆ. ಫೋಮಕ್ಕನಿಗೆ ಉಳಿದದ್ದು ಒಂದೇ ದಾರಿ. ಬ್ಯಾಗು ಎತ್ತಿಕೊಳ್ಳುವವಳಂತೆ ಬಗ್ಗಿ, ಸೊಂಟದಿಂದ ಕುದುರೆಕಾಲಿಗೆ ಗುದ್ದಿದಳು. ದೋಣಿ ಜಾರಿ ಸಿಮೆಂಟಿಗೆ ಬಿತ್ತು. ಬಿದ್ದದ್ದು ಚೆಂಡಿನ ಹಾಗೆ ಪುಟಿದು, ಒಂದು ಮಗ್ಗುಲಾಗಿ, ಸುಮ್ಮನೆ ಮಲಗಿತು. ಎಲ್ಲರೂ ಹಾ ಅಂದರು. ಮಗಳು ಓಡಿ ಬಂದು ತಿರುಗಿಸಿ ನೋಡಿದರೆ ಉಗುರಿನಷ್ಟು ಬಣ್ಣ ಹೋಗಿತ್ತು, ಅಷ್ಟೆ.

"ಭೇಷ್!" ಅಂದ ಬಣ್ಣದವನು. "ಫೋಮಕ್ಕನೇ ಪರೀಕ್ಷೆ ಮಾಡ್ಬಿಟ್ರಲ್ಲ. ಇನ್ನು ಸಮುದ್ರ ಏನ್ ಮಾಡುತ್ತೆ?"

ಚಪ್ಪಾಳೆ ಬೇರೆ. ಮೇಸ್ತ್ರಿ ಎದೆಯುಬ್ಬಿಸಿ ನಿಂತ. ಹಗುರದ ದೋಣಿ ಬಿದ್ದರೆ ಪೆಟ್ಟಾಗುವುದಿಲ್ಲ, ಅಲೆ ಬಗ್ಗಿಸಿದಾಗಲೇ ಅದರ ಸತ್ಯ ಗೊತ್ತಾಗುವುದು. ಅದನ್ನು ಬಾಯಿಬಿಟ್ಟು ಹೇಳಬೇಕಾದವಳು ಬ್ಯಾಗಿನ ಹಿಡಿ ಹಿಡಿದುಕೊಂಡು ನಿಂತಿದ್ದಳು.

ಓರಗಿತ್ತಿ ಚಹಾದ ಲೋಟಗಳ ತಟ್ಟೆ ಹಿಡಿದು ಬಂದವಳು ದೋಣಿಯನ್ನು ನೋಡಿದಳು. ಆ ಸಾವಿನ ನಂತರ ಅವಳು ಯಾವ ದೋಣಿಯನ್ನೂ ಕಣ್ಣಿಟ್ಟು ನೋಡಿದವಳಲ್ಲ. "ಚೆನ್ನಾಗಿದೆ," ಅಂದಳು. "ನನ್ ಮಗನ ಕೈಗೆ ಕೊಟ್ಟಿದ್ರೆ ಇದನ್ನೂ ಮುರೀತಿದ್ದ. ನಿನ್ ಮಗಳಿಗೆ ಬುದ್ಧಿ ಇದೆ ಕಣೆ. ಇವಳು ಹಂಗೆ ಕೇಡು ತಂದ್ಕೊಳ್ಳೋಳಲ್ಲ."

ಫೋಮಕ್ಕ ಬ್ಯಾಗು ಕೆಳಗಿಟ್ಟಳು. ನಾಳೆ ಮಗಳೂ ಹೋದರೆ ಅವಳನ್ನೂ ಜನ ಹೀಗೇ ಅನ್ನುತ್ತಾರೆ. ತಾನೂ ಅನ್ನಬೇಕಾಗುತ್ತದೆ.

"ಭಾವ," ಅಂದಳು. "ಪಂಪ್ ನಿಲ್ಸೋಕೆ ಹೇಳಿ."

"ಯಾಕಮ್ಮ?"

"ನಿಲ್ಸಿ. ಈ ದೋಣೀನ ನೀವೇ ಒಂದ್ಸಲ ತಟ್ಟಿ ನೋಡಿ."

ಬಣ್ಣದವನು ಪಂಪು ಆರಿಸಿದ. ಶೆಡ್ಡು ಒಮ್ಮೆಗೇ ದೊಡ್ಡದಾದಂತಾಯಿತು. ಭಾವ ತಮ್ಮನ ಕೆಲಸದ ಮೇಲೆ ಎಂದೂ ಕೈಯಿಟ್ಟವನಲ್ಲ. ತಮ್ಮನ ಮುಖ ನೋಡಿದ, ಅವಳ ಮುಖ ನೋಡಿದ, ಜೇಬಿನಿಂದ ನಾಣ್ಯ ತೆಗೆದ. ಮೂತಿಯಿಂದ ತಟ್ಟುತ್ತಾ ಬಂದ. ಟಣ್, ಟಣ್, ಟಣ್. ಕೂರುವ ಜಾಗ ದಾಟಿದ. ದಬ್. ಭಾವನ ಕೈ ನಿಂತಿತು. ಮುಂದಕ್ಕೆ ಹೋಗಿ ತಟ್ಟಿದ, ಟಣ್. ಹಿಂದಕ್ಕೆ ಬಂದು ತಟ್ಟಿದ, ದಬ್. ಓರಗಿತ್ತಿಗೂ ಕೇಳಿತು. ಮಗಳಿಗೂ ಕೇಳಿತು.

"ಇದು ಕೇಳ್ತಾ?" ಅಂತ ಭಾವ ತಮ್ಮನನ್ನು ಕೇಳಿದ.

"ಹೂಂ. ಸರಿಯಾಗೇ ಇದೆಯಲ್ಲ."

"ಇದಕ್ಕೂ ಇದಕ್ಕೂ?" ಟಣ್. ದಬ್.

ಮೇಸ್ತ್ರಿ ನಕ್ಕ. "ಎರಡೂ ಒಂದೇ ಅಲ್ವಾ ಅಣ್ಣ. ಏನು, ನೀನೂ ಇವಳ ಮಾತು ಕಟ್ಕೊಂಡು?"

ಯಾರೂ ನಗಲಿಲ್ಲ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ನಗು ಮೆಲ್ಲಗೆ ಜಾರಿ ಹೋಯಿತು, ಆದರೆ ಎಲ್ಲಿ ಇಡಬೇಕೋ ತಿಳಿಯದೆ ತುಟಿಯ ಒಂದು ಕೊನೆಯಲ್ಲಿ ಉಳಿದುಕೊಂಡಿತ್ತು.

"ಎಷ್ಟು ದಿನದಿಂದ?" ಅಂತ ಭಾವ ಫೋಮಕ್ಕನನ್ನು ಕೇಳಿದ.

"ತುಂಬಾ ದಿನ ಆಯ್ತು ಭಾವ. ನಾನೇ ಮುಂದ್ ಮುಂದೆ ಹೋಗಿ ಮುಚ್ತಿದ್ದೆ. ಈ ಸಲ ನಾನಿರ್ಲಿಲ್ಲ."

ಭಾವ ತಲೆ ಎತ್ತಲಿಲ್ಲ. ದೋಣಿಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ, ದೋಣಿಯನ್ನೇ ಕೇಳುವವನಂತೆ ಮೆಲ್ಲಗೆ ಕೇಳಿದ. "ನನ್ ಮಗಂದೂ ಹಿಂಗೇ ಇತ್ತಾ?"

ಓರಗಿತ್ತಿಯ ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದವು.

"ಏನಂದ?" ಅಂದ ಮೇಸ್ತ್ರಿ. "ಅಣ್ಣ ಏನಂದ?" ಅವನು ಹೆಂಡತಿಯ ಕಡೆ ತಿರುಗಿದ. ಕಣ್ಣು ಅವಳ ತುಟಿಯ ಮೇಲಿತ್ತು. "ಏನ್ ಕೇಳಿದ್ನೇ ಅವನು? ಜೋರಾಗಿ ಹೇಳು."

ಮೆಲ್ಲಗೆ ಹೇಳಬಹುದಾದ ಮಾತಾಗಿರಲಿಲ್ಲ. ಹೇಳದೆ ಬಿಡುವ ಮಾತೂ ಆಗಿರಲಿಲ್ಲ. ಅವಳು ಅವನ ಕಿವಿಯ ಹತ್ತಿರ ಹೋಗಿ, ಹೊಲದಾಚೆಯವರನ್ನು ಕೂಗುವ ಹಾಗೆ ಕೂಗಿದಳು. "ಅವರ ಮಗನ ದೋಣೀನೂ ಹಿಂಗೇ ಇತ್ತಾ ಅಂತ ಕೇಳ್ತಿದಾರೆ!"

ಆಮೇಲೆ ಭಾವನ ಕಡೆ ತಿರುಗಿದಳು. ಏರಿದ ಧ್ವನಿ ಇಳಿಯದೆ, ಅದೇ ಕೂಗಿನಲ್ಲೇ ಹೇಳಿದಳು. "ಇತ್ತು. ನಾನು ನೋಡಿದೆ. ಮೂತಿಗೆ ಒಂದು ಗೀರಿರ್ಲಿಲ್ಲ. ಅವನು ಬಂಡೆಗೆ ಹೋಗಿರ್ಲಿಲ್ಲ. ನಾನೇ ಕುಯ್ದು ಕಸಕ್ಕೆ ಹಾಕಿದ್ದು."

ಭಾವ ಗೋಡೆಗೆ ನೇತುಹಾಕಿದ್ದ ಗರಗಸ ತಂದು ಹಳದಿ ದೋಣಿಯನ್ನು ಕೂರುವ ಜಾಗದ ಹಿಂದೆ ಕೊಯ್ದ. ಬೆರಳು ತೂರಿಸಿ ಎತ್ತಿದರೆ ಒಳಚರ್ಮ ಹಾಗೇ ಎದ್ದು ಬಂತು. ಕೆಳಗೆ ಬೆಳ್ಳಗಿನ ಫೋಮ್. ಅದನ್ನು ತಮ್ಮನಿಗೆ ತೋರಿಸಿದ. ಕಿವಿಗೆ ಕೇಳದಿದ್ದದ್ದು ಕಣ್ಣಿಗೆ ಕಂಡಿತು. ಮೇಸ್ತ್ರಿ ಆ ಬಿಳಿಯನ್ನು ಬೆರಳಿನಿಂದ ಮುಟ್ಟಿದ, ರೆಸಿನ್ ಡ್ರಮ್ಮಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಅವನನ್ನು ಸಂಜೆ ಮಗಳೂ ಬಣ್ಣದವನೂ ಹಿಡಿದುಕೊಂಡು ಮನೆಗೆ ತಂದರು.

ಮರುದಿನ ಮಗಳು ಪರೀಕ್ಷೆಗೆ ಹೋಗಲಿಲ್ಲ. ತಂಡದವರು ಬೇರೆಯವರನ್ನು ತೆಗೆದುಕೊಂಡರು. ಕೆಲವು ತಿಂಗಳಿಗೆ ಅವಳು ದೂರದ ಈಜುಕೊಳದಲ್ಲಿ ಕೆಲಸ ಹಿಡಿದು ಹೊರಟುಹೋದಳು. ತಾನು ಅಣ್ಣ ಎಂದು ಕರೆಯುತ್ತಿದ್ದವನ ಸಾವಿನ ನಿಜವನ್ನು ಅಷ್ಟು ವರ್ಷ ಮುಚ್ಚಿಟ್ಟ ತಾಯಿಗೆ ಅವಳು ಫೋನ್ ಮಾಡುತ್ತಾಳೆ, ಊಟ ಆಯ್ತಾ ಅಂತ ಕೇಳುತ್ತಾಳೆ, ಇಡುತ್ತಾಳೆ.

ಶೆಡ್ಡಿಗೆ ಬೀಗ ಬಿತ್ತು. ಹಿಂಭಾಗದ ಮನೆ ಬಿಟ್ಟು ಹೋಗಿ ಅಂತ ಭಾವ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಎದುರಿಗೆ ಬಂದರೆ ಗೋಡೆಯ ಪಕ್ಕಕ್ಕೆ ಸರಿದು ದಾರಿ ಬಿಟ್ಟು ಹೋಗುತ್ತಾನೆ, ಅಷ್ಟೆ. ಮೇಸ್ತ್ರಿ ಕಿಟಕಿಯ ಪಕ್ಕ ಕೂರುತ್ತಾನೆ. ಕಿವಿಗೆ ಯಂತ್ರ ಹಾಕಿಸೋಣ ಅಂದರೆ ತಲೆ ಆಡಿಸಿ ಬೇಡ ಅನ್ನುತ್ತಾನೆ. ಈಗ ದಪ್ಪ ಮಾತೂ ಕೇಳುವುದಿಲ್ಲವೋ, ಕೇಳಿದರೂ ಕೇಳದಂತಿರುತ್ತಾನೋ, ಫೋಮಕ್ಕನಿಗೂ ತಿಳಿಯದು.

ಓರಗಿತ್ತಿ ಮಾತ್ರ ಬರುತ್ತಾಳೆ. ಮೊದಲ ಸಲ ಬಂದಾಗ ಫೋಮಕ್ಕ ಬಾಗಿಲು ತೆರೆದು, ಕೆನ್ನೆಗೆ ಹೊಡೆಯುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡು ನಿಂತಳು. ಓರಗಿತ್ತಿ ಹೊಡೆಯಲಿಲ್ಲ. ಕ್ಷಮಿಸಿದ್ದೇನೆ ಅಂತಲೂ ಅನ್ನಲಿಲ್ಲ. ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತು, "ಹೇಳು," ಅಂದಳು.

"ಏನ್ ಹೇಳ್ಲಿ ಅಕ್ಕ?"

"ಅವನ ದೋಣಿ ಹೆಂಗಿತ್ತು ಅಂತ. ಮೂತಿಯಿಂದ ಹೇಳು."

ಅವಳು ಹೇಳಿದಳು. ಅಂದಿನಿಂದ ಓರಗಿತ್ತಿಗೆ ಮನಸ್ಸು ತಡೆಯದಾಗಲೆಲ್ಲ ಬಂದು ಕೂರುತ್ತಾಳೆ. ಚಹಾ ಕೊಟ್ಟರೆ ಮುಟ್ಟುವುದಿಲ್ಲ. ಮೂತಿಯಿಂದ ಹೇಳು ಅನ್ನುತ್ತಾಳೆ. ಫೋಮಕ್ಕ ಮೂತಿಯಿಂದ ಹೇಳುತ್ತಾಳೆ, ಒಂದು ಗೀರಿರಲಿಲ್ಲ ಅನ್ನುತ್ತಾಳೆ, ಚರ್ಮ ಎದ್ದದ್ದು ಹೇಳುತ್ತಾಳೆ, ಪೆನ್ಸಿಲಿನ ಗುರುತು ಹೇಳುತ್ತಾಳೆ. ಒಂದು ಮಾತು ಬಿಟ್ಟರೂ ಓರಗಿತ್ತಿ ಅಲ್ಲಿಗೇ ಹಿಂದಿರುಗಿಸಿ ಮತ್ತೆ ಹೇಳಿಸುತ್ತಾಳೆ. ಕಿಟಕಿಯ ಪಕ್ಕ ಕೂತವನು ಹೊರಗೆ ನೋಡುತ್ತಿರುತ್ತಾನೆ.

"ಹಂಗಾದ್ರೆ ಅವನದೇನೂ ತಪ್ಪಿರ್ಲಿಲ್ಲ," ಅನ್ನುತ್ತಾಳೆ ಕೊನೆಗೆ.

"ಇರ್ಲಿಲ್ಲ ಅಕ್ಕ."

"ಎಚ್ಚರವಾಗೇ ಇದ್ದ."

"ಎಚ್ಚರವಾಗೇ ಇದ್ದ."

ಓರಗಿತ್ತಿ ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೇ ಇಟ್ಟು ಹೋಗುತ್ತಾಳೆ.